ಮದರಂಗಿಗೆ ಅವಸರವಿಲ್ಲ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ಓದಿ ನಗು ಬಂತು. ಮಗಳಿಗೆ ಭುಜದ ಮೇಲೆ ಟ್ಯಾಟೂ ಬೇಕು, ನಿಮಗೆ ಬೇಡ. ಮನೆಯಲ್ಲಿ ಮಾತು ಬಿಟ್ಟು, ಊಟ ಬಿಟ್ಟು, ಕೊನೆಗೆ ‘ಕಪ್ಪು ಮೆಹಂದಿಯ ಟ್ಯಾಟೂ’ ಎಂಬಲ್ಲಿಗೆ ರಾಜಿಯಾಗಿದೆ. ಹೇಗಿದ್ದರೂ ಹದಿನೈದು ದಿನಕ್ಕೆ ಅಳಿಸಿಹೋಗುತ್ತದಲ್ಲ, ಹಾಕಿಸಿಕೊಳ್ಳಲಿ ಬಿಡಿ ಅಂತ ನಾನು ಹೇಳುತ್ತೇನೆ ಎಂದುಕೊಂಡಿದ್ದೀರಿ. ಮೆಹಂದಿ ಹಾಕಿಸಿಕೊಳ್ಳಲಿ, ಧಾರಾಳವಾಗಿ. ಕಪ್ಪು ಮಾತ್ರ ಬೇಡ. ಯಾಕೆ ಅನ್ನುವುದನ್ನು ಮಗಳಿಗೂ ಓದಿ ಹೇಳಿ. ಬರೀ ‘ಅಮ್ಮ ಬೇಡ ಅಂದರು’ ಅನ್ನುವುದಕ್ಕೆ ಈ ವಯಸ್ಸಿನವರು ಬಗ್ಗುವುದಿಲ್ಲ.

ಟ್ಯಾಟೂ ಅಂದರೆ ನಮ್ಮ ಹಚ್ಚೆಯೇ ತಾನೆ. ಸೂಜಿ ಬಣ್ಣವನ್ನು ಚರ್ಮದ ಒಳಪದರಕ್ಕೆ ಇಳಿಸುತ್ತದೆ, ಅಲ್ಲಿ ದೇಹವನ್ನು ಕಾಯುವ ಜೀವಕೋಶಗಳು ಅದನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಅದಕ್ಕೇ ಅಜ್ಜಿಯರ ಮುಂಗೈ ಮೇಲಿನ ಹಸಿರು ಹಚ್ಚೆ ಕೊನೆಯ ದಿನದವರೆಗೂ ಉಳಿದದ್ದು. ಮದರಂಗಿ ಅಷ್ಟು ಆಳಕ್ಕೆ ಹೋಗುವುದೇ ಇಲ್ಲ. ಅದರ ಎಲೆಯಲ್ಲಿ ಬಣ್ಣ ಕೊಡುವುದು ಲಾಸೋನ್ ಎಂಬ ಅಂಶ. ಒಣಗಿದ ಎಲೆಯಲ್ಲಿ ಶೇ. 1ರಿಂದ 2ರಷ್ಟು ಇದ್ದರೆ ಹೆಚ್ಚು. ನಿಂಬೆರಸವೋ ಹುಣಿಸೆಹುಳಿಯೋ ಬಿದ್ದು ನೆನೆದಾಗ ಅದು ಎಲೆಯಿಂದ ಬಿಟ್ಟುಕೊಂಡು, ಚರ್ಮದ ತೀರಾ ಮೇಲಿರುವ ಸತ್ತ ಪದರದ ಕೆರಾಟಿನ್‌ಗೆ ಅಂಟುತ್ತದೆ. ಆ ಪದರವೋ, ದಿನವೂ ನಮಗೆ ಗೊತ್ತಾಗದಂತೆ ಉದುರುತ್ತಲೇ ಇರುತ್ತದೆ. ಅದರ ಜೊತೆಗೇ ಚಿತ್ತಾರವೂ ಹೋಗುತ್ತದೆ, ಒಂದರಿಂದ ಮೂರು ವಾರಗಳೊಳಗೆ.

ಈಗ ಭುಜದ ವಿಷಯಕ್ಕೆ ಬರೋಣ. ಆ ಸತ್ತ ಪದರ ತುಂಬ ದಪ್ಪವಾಗಿರುವುದು ಅಂಗೈ, ಅಂಗಾಲುಗಳಲ್ಲಿ. ಬಣ್ಣ ಗಾಢವಾಗಿ ಹಿಡಿಯುವುದೂ ಅಲ್ಲೇ. ನಮ್ಮ ಹಳಬರು ಅಂಗೈ ನಡುವೆ ಒಂದು ದುಂಡು ಚಂದ್ರ, ಬೆರಳ ತುದಿಗೆಲ್ಲ ಟೋಪಿ ಅಂತ ಅರೆದ ಸೊಪ್ಪನ್ನು ಮೆತ್ತಿ, ಬಟ್ಟೆ ಸುತ್ತಿ ಮಲಗಿಸುತ್ತಿದ್ದರಲ್ಲ, ಅದು ಚಿತ್ರ ಬಿಡಿಸಲು ಬಾರದ್ದಕ್ಕೆ ಮಾತ್ರ ಅಲ್ಲ. ಎಲ್ಲಿ ಕೆಂಪೇರುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಹದಿನಾರು ಅರಬ್ ದೇಶಗಳು ಜೊತೆಗೂಡಿ ಸಲ್ಲಿಸಿದ ಅರ್ಜಿಯ ಮೇಲೆ ಮದರಂಗಿಯ ಆಚರಣೆಗಳು ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿದವು. ಆ ನಾಡುಗಳಲ್ಲೂ ಮದುವೆಯ ಹುಡುಗಿಗೆ ಹಚ್ಚುವುದು ಕೈಗೆ, ಕಾಲಿಗೆ. (ರಾಜಸ್ಥಾನದ ಸೋಜತ್‌ನಲ್ಲಿ ಇಷ್ಟೊಂದು ಬೆಳೆಯುವ ನಾವು ಆ ಅರ್ಜಿಯಲ್ಲಿ ಇರಲಿಲ್ಲ ಅನ್ನುವುದು ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ಸಂಗತಿ.) ಭುಜ, ಬೆನ್ನು, ಕುತ್ತಿಗೆಯ ಮೇಲೆ ಹಚ್ಚಿದರೆ ಬರುವುದು ತೆಳು ಕಿತ್ತಳೆ, ಹೆಚ್ಚೆಂದರೆ ಕಂದು. ವಾರದಲ್ಲೇ ಮಾಸುತ್ತದೆ.

ಹಾಗಾದರೆ ಈ ಕಡುಗಪ್ಪು ಎಲ್ಲಿಂದ ಬಂತು? 1998ರಲ್ಲಿ ಗಾಯಕಿ ಮಡೋನಾ ‘ಫ್ರೋಜನ್’ ಹಾಡಿನ ವಿಡಿಯೋದಲ್ಲಿ ಕೈತುಂಬ ಮೆಹಂದಿ ಹಚ್ಚಿಕೊಂಡು ಬಂದಳು. ಆ ಹೊತ್ತಿಗೆ ಪಶ್ಚಿಮದಲ್ಲಿ ಇದೊಂದು ಹುಚ್ಚೇ ಆಯಿತು. ಅವರಿಗೆ ಬೇಕಾಗಿದ್ದು ನೋವಿಲ್ಲದ ಟ್ಯಾಟೂ. ತೋಳಿನ ಮೇಲೆ ಡ್ರ್ಯಾಗನ್, ಸೊಂಟದ ಮೇಲೆ ಬಳ್ಳಿ, ಅದೂ ಶಾಯಿಯ ಹಾಗೆ ಕಡುಗಪ್ಪಾಗಿ. ಪಾಪದ ಎಲೆಗೆ ಅದು ಸಾಧ್ಯವಿಲ್ಲ. ಬೇಡಿಕೆ ಇದ್ದಮೇಲೆ ವ್ಯಾಪಾರಿ ಸುಮ್ಮನಿರುತ್ತಾನೆಯೇ? ಕಡಲತೀರದ, ಜಾತ್ರೆಯ ಅಂಗಡಿಗಳಲ್ಲಿ ಕೂದಲಿಗೆ ಹಾಕುವ ಕಪ್ಪು ಬಣ್ಣದ ರಾಸಾಯನಿಕ ಮೆಹಂದಿಯ ಹೆಸರಿನಲ್ಲಿ ಕೋನ್‌ಗೆ ಇಳಿಯಿತು.

ಅದರ ಹೆಸರು ಪ್ಯಾರಾ ಫಿನೈಲಿನ್ ಡಯಮೀನ್, ಚುಟುಕಾಗಿ ಪಿಪಿಡಿ. ಯುರೋಪಿನ ಕಾನೂನಿನಂತೆ ಇದು ತಲೆಗೆ ಹಚ್ಚುವ ಬಣ್ಣದಲ್ಲೇ ಶೇ. 2ನ್ನು ಮೀರುವಂತಿಲ್ಲ, ಮೈಮೇಲೆ ಬಳಿಯುವುದಂತೂ ಕೂಡದು. ಕಪ್ಪು ಕೋನ್‌ಗಳಲ್ಲಿ ಇದಕ್ಕಿಂತ ಹಲವು ಪಟ್ಟು ಹೆಚ್ಚು ಸಿಕ್ಕಿದ್ದುಂಟು. ಎಲ್ಲರಿಗೂ ಅಲರ್ಜಿ ಆಗುತ್ತದೆ ಅಂತಲ್ಲ. ಆದವರಿಗೆ ಬಿಡಿಸಿದ ಗೆರೆಗುಂಟ ಕೆಂಪಗೆ ಉಬ್ಬಿ, ನೀರುಗುಳ್ಳೆ ಏಳುತ್ತದೆ. ಕೆಲವೊಮ್ಮೆ ಹಚ್ಚಿ ವಾರ ಕಳೆದ ಮೇಲೆ. ಮಾಗಿದರೂ ಅದೇ ಚಿತ್ತಾರದ ಬಿಳಿಚು ಕಲೆ ಕೆಲವರಲ್ಲಿ ಉಳಿದುಬಿಡುತ್ತದೆ. ಅಳಿಸಿಹೋಗಲಿ ಅಂತ ಹಾಕಿಸಿಕೊಂಡದ್ದು ಅಳಿಸದೇ ಉಳಿಯುವುದೆಂದರೆ ಹೀಗೆ. ನನಗೆ ಇನ್ನೂ ದೊಡ್ಡದಾಗಿ ಕಾಣುವ ತೊಂದರೆ ಬೇರೆ. ಒಮ್ಮೆ ಈ ಅಲರ್ಜಿ ಹತ್ತಿದರೆ ದೇಹ ಅದನ್ನು ಜೀವಮಾನವಿಡೀ ಮರೆಯುವುದಿಲ್ಲ. ನಾಳೆ ನಿಮ್ಮ ಮಗಳಿಗೆ ನಲವತ್ತಾಗಿ, ಬೆಳ್ಳಿಕೂದಲಿಗೆ ಡೈ ಹಚ್ಚಿದ ದಿನ ಮುಖ, ಕಣ್ಣು ಊದಿಕೊಂಡು ಆಸ್ಪತ್ರೆಗೆ ಓಡಬೇಕಾದೀತು.

ಹಾಗಾದರೆ ಒಳ್ಳೆಯದನ್ನು ಗುರುತಿಸುವುದು ಹೇಗೆ? ನಿಜವಾದ ಮೆಹಂದಿಗೆ ಅವಸರವಿಲ್ಲ. ನಾಲ್ಕಾರು ಗಂಟೆ ಮೈಮೇಲಿರಬೇಕು. ಉದುರಿಸಿದಾಗ ಕಾಣುವುದು ಕಿತ್ತಳೆ ಬಣ್ಣ, ಗಾಳಿ ತಾಗಿ ತಾಗಿ ಎರಡನೆಯ ದಿನಕ್ಕೆ ಕೆಂಗಂದು. ಅರ್ಧ ಗಂಟೆಯಲ್ಲಿ ತೊಳೆದರೂ ಕಪ್ಪು ಬರುತ್ತದೆ ಅಂದರೆ ಅದು ಬೇರೇನೋ. ಕಲಸಿದ ಮೆಹಂದಿ ಹೊರಗಿಟ್ಟರೆ ಕೆಲವೇ ದಿನದಲ್ಲಿ ಕಸುವು ಕಳೆದುಕೊಳ್ಳುತ್ತದೆ; ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಕೋನ್ ಕೆಂಪಗೆ ಬರುವುದಾದರೆ ಅದರೊಳಗೆ ಇನ್ನೇನೋ ಇದೆ ಅಂತಲೇ ತಿಳಿಯಿರಿ. ಮನೆಯಲ್ಲೇ ಮಾಡುವುದಾದರೆ ಒಳ್ಳೆ ಪುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ನಿಂಬೆರಸ, ಸ್ವಲ್ಪ ಸಕ್ಕರೆ, ನಾಲ್ಕು ತೊಟ್ಟು ನೀಲಗಿರಿ ಎಣ್ಣೆ ಹಾಕಿ ಕಲಸಿ ರಾತ್ರಿಯಿಡೀ ಬಿಡಿ. ಸಕ್ಕರೆ ಇದ್ದರೆ ಒಣಗಿ ಬೇಗ ಉದುರುವುದಿಲ್ಲ. ತೆಗೆಯುವಾಗ ತೊಳೆಯಬೇಡಿ, ಕೆರೆದು ಕೊಬ್ಬರಿ ಎಣ್ಣೆ ಸವರಿ, ಅರ್ಧ ದಿನವಾದರೂ ನೀರು ತಾಗಿಸಬೇಡಿ. ಮದುವೆ ಮನೆಗೆ ಹೋಗುವುದಿದ್ದರೆ ಎರಡು ದಿನ ಮೊದಲೇ ಹಚ್ಚಿದರೆ ಹದವಾದ ಬಣ್ಣ.

ಇನ್ನೊಂದು ಮಾತು ನಿಮ್ಮ ಮೊಮ್ಮಗುವಿನ ಬಗ್ಗೆ. ನಾಮಕರಣಕ್ಕೆ ಕೂಸಿನ ಕೈಗೂ ಒಂದು ಚುಕ್ಕೆ ಇಡೋಣ ಅಂದಿದ್ದಿರಿ. ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಎಳೆಯ ಮಕ್ಕಳಲ್ಲಿ ಶುದ್ಧ ಮದರಂಗಿಯೂ ಕೆಂಪು ರಕ್ತಕಣಗಳನ್ನು ಒಡೆದು ಹಾಕಬಲ್ಲದು, ಆ ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ತಿಳಿಯುವುದಿಲ್ಲ.

ಮಗಳಿಗೆ ಭುಜವೇ ಬೇಕೆಂದರೆ ತೆಳು ಬಣ್ಣಕ್ಕೆ ಒಪ್ಪಲಿ, ಇಲ್ಲವೇ ಮಣಿಕಟ್ಟಿನಿಂದ ಅಂಗೈಗೆ ಇಳಿಯುವ ಬಳ್ಳಿ ಬಿಡಿಸಿಕೊಳ್ಳಲಿ. ಪಾರ್ಲರಿಗೆ ಹೋದರೆ ಕೂರುವ ಮೊದಲೇ ಕೋನ್‌ನಲ್ಲಿ ಏನೇನಿದೆ ಎಂದು ಕೇಳಿ. ಹೇಳದಿದ್ದರೆ ಎದ್ದು ಬನ್ನಿ.

ಇಂತಿ,
ನಿಮ್ಮ ಗೆಳತಿ