ಮೊದಲು ಬ್ರೇಕು, ಆಮೇಲೆ ಬಣ್ಣ

ಓಡುವ ಜೀಪಿಗಿಂತ ನಿಂತ ಜೀಪು ಬೇಗ ಹಾಳಾಗುತ್ತದೆ. ಉಪ್ಪಿನಂಗಡಿ ಕಡೆಯಲ್ಲಂತೂ ಈ ಮಾತಿಗೆ ಎರಡಿಲ್ಲ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ಆಟಿಯಲ್ಲಿ ಡಬ್ಬದೊಳಗಿನ ಹಪ್ಪಳವೂ ಮೆತ್ತಗಾಗುತ್ತದೆ, ಇನ್ನು ಹಟ್ಟಿಯ ಮೂಲೆಯಲ್ಲಿ ಟರ್ಪಾಲು ಹೊದ್ದು ನಿಂತ ಕಬ್ಬಿಣದ ಗತಿಯೇನು? ಹಿರೇಬಂಡಾಡಿ, ಕೊಯಿಲ, ರಾಮಕುಂಜ, ಆಲಂಕಾರು ಎಂದು ಒಳಗೊಳಗೆ ಹೋದರೆ ಇಂಥ ಜೀಪುಗಳು ಈಗಲೂ ಕಾಣಸಿಗುತ್ತವೆ. ಬಾನೆಟ್ಟಿನ ಮೇಲೆ ಹಳೆ ಗೋಣಿ, ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ರಾಶಿ, ಚಕ್ರದ ಬುಡದಲ್ಲಿ ಕೋಳಿ. ಮಕ್ಕಳು ಬೆಂಗಳೂರಿನಲ್ಲಿ, ಅಂಗಳದಲ್ಲಿ ಸಣ್ಣ ಕಾರು. ಜೀಪನ್ನು ಮಾರಲು ಮನಸ್ಸಿಲ್ಲ, ತೆಗೆಯಲು ಪುರುಸೊತ್ತಿಲ್ಲ.

ಮನಸ್ಸಿಲ್ಲದ್ದಕ್ಕೆ ಕಾರಣವಿದೆ. ಬಸ್ಸು ಬಾರದ ಕಾಲದಲ್ಲಿ ನಮ್ಮ ಗುಡ್ಡೆಗಳಿಗೆ ಪೇಟೆಯನ್ನು ತಂದು ಮುಟ್ಟಿಸಿದ್ದೇ ಸರ್ವಿಸ್ ಜೀಪು. ಹೆರಿಗೆ ನೋವು ಶುರುವಾದವರು, ಮದುವೆ ದಿಬ್ಬಣ, ಸೊಸೈಟಿಯ ಗೊಬ್ಬರ, ಮಾರಲು ಹೊರಟ ಅಡಿಕೆ, ಎಲ್ಲದಕ್ಕೂ ಅದೇ ಗಾಡಿ. ಹಿಂದೆ ಜೋತುಬಿದ್ದು ಶಾಲೆಗೆ ಹೋದವರು ಇವತ್ತು ಅಜ್ಜಂದಿರಾಗಿದ್ದಾರೆ. ಜೀಪನ್ನೂ ನಿಲ್ಲಿಸುತ್ತಿದ್ದದ್ದು ಹೊಳೆ ಮಾತ್ರ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ಹೊಸ್ಮಠದ ಮುಳುಗು ಸೇತುವೆ ಇತ್ತು. ಗುಂಡ್ಯ ಹೊಳೆ ಉಕ್ಕಿ ಅದರ ಮೇಲೆ ಹರಿಯತೊಡಗಿದರೆ ಎರಡೂ ದಡದಲ್ಲಿ ವಾಹನಗಳ ಸಾಲು, ನೀರು ಇಳಿಯುವವರೆಗೆ ಕಾಯುವುದೇ ಕೆಲಸ. ಈಗ ಅಲ್ಲಿ ಎತ್ತರದ ಸೇತುವೆ ಬಂದಿದೆ. ಇತ್ತ ಸುಳ್ಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೂಗುಸೇತುವೆಯ ಮೇಲೆ ಜನ ನಡೆಯಬಹುದು, ಜೀಪು ಹೋಗುವ ಹಾಗಿಲ್ಲ. ಆಚೆ ದಡದ ಮನೆಯವರು ಗೋಣಿ ಹೊತ್ತು ದಾಟಿ ಬಂದರೆ ಈಚೆ ಜೀಪು ಕಾದಿರುತ್ತಿತ್ತು. ಹೊಳೆನಾಡಿನ ಸಂಚಾರವೆಂದರೆ ಹೀಗೆ, ಸ್ವಲ್ಪ ಕಾಲಿನದು, ಸ್ವಲ್ಪ ಚಕ್ರದ್ದು.

ನಾವು ಎಬ್ಬಿಸಿದ್ದು ಚಿಕ್ಕಪ್ಪನ ಜೀಪು. ಎತ್ತರದ ಬಾನೆಟ್ಟಿನ ಸಿಜೆ-3ಬಿ. 1947ರಲ್ಲಿ ಮಹೀಂದ್ರಾದವರು ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ತೊಡಗಿದರಲ್ಲ, ಆ ಸಂತತಿಯದೇ. ಬಾನೆಟ್ಟು ಎತ್ತರವಾದದ್ದು ಚಂದಕ್ಕಲ್ಲ. 1953ರಲ್ಲಿ ಅಮೆರಿಕದಲ್ಲಿ ಈ ಮಾದರಿಗೆ ಹರಿಕೇನ್ ಎಂಬ ಹೊಸ ಇಂಜಿನ್ ಹಾಕಿದರು. ಅದರ ಇನ್‌ಲೆಟ್ ವಾಲ್ವುಗಳು ತಲೆಯ ಮೇಲೆ ಕೂತದ್ದರಿಂದ ಇಂಜಿನ್ನೇ ಎತ್ತರವಾಯಿತು, ಮುಚ್ಚಳವನ್ನೂ ಏರಿಸಲೇಬೇಕಾಯಿತು. ಚಿಕ್ಕಪ್ಪ ಆ ಪೆಟ್ರೋಲ್ ಇಂಜಿನ್ ತೆಗೆಸಿ ಡೀಸೆಲ್ ಕೂರಿಸಿದ್ದರು. ಪೆಟ್ರೋಲಿನ ಖರ್ಚು ತಾಳದೆ ಆಗ ಬಹಳ ಮಂದಿ ಹಾಗೆಯೇ ಮಾಡಿಸಿದ್ದು. ಈ ಜೀಪುಗಳು ಇಂದಿಗೂ ಬದುಕಬಲ್ಲವು ಎಂದು ನಾನು ಧೈರ್ಯವಾಗಿ ಹೇಳುವುದು ಇನ್ನೊಂದು ಕಾರಣಕ್ಕೆ: ಒಂದೇ ಬಗೆಯ ಗಾಡಿ ದಶಕಗಟ್ಟಲೆ ತಯಾರಾದ್ದರಿಂದ ಬೇರಿಂಗು, ಆಯಿಲ್ ಸೀಲು, ಕಿಂಗ್‌ಪಿನ್ ಈಗಲೂ ಅಂಗಡಿಯಲ್ಲಿ ಸಿಗುತ್ತವೆ. ಇಪ್ಪತ್ತು ವರ್ಷದ ಹಿಂದಿನ ಎಷ್ಟೋ ಕಾರುಗಳಿಗೆ ಈ ಭಾಗ್ಯವಿಲ್ಲ.

ಮೆಕ್ಯಾನಿಕ್ ಬಂದವರೇ ಮೊದಲು ಹೇಳಿದ ಮಾತು, "ಸೆಲ್ಫ್ ಹೊಡೀಬೇಡಿ ಮಾರಾಯ್ರೆ." ಬ್ಯಾಟರಿ ತಂದು ಕೀ ತಿರುಗಿಸುವ ಅವಸರ ಎಲ್ಲರಿಗೂ ಇರುತ್ತದೆ. ಆದರೆ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಪಿಸ್ಟನ್ ರಿಂಗು ಅಂಟಿದ್ದರೆ ಆ ಒಂದು ತಿರುವಿಗೆ ರಿಂಗೇ ಮುರಿದೀತು. ನಾಝಲ್ ಬಿಚ್ಚಿ ಒಳಗೆ ಡೀಸೆಲ್ ಬೆರೆಸಿದ ಆಯಿಲ್ ಹಾಕಿ ನೆನೆಯಲು ಬಿಟ್ಟೆವು. ಆಮೇಲೆ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸ್ಪಾನರ್ ಕೊಟ್ಟು ಆಚೆ ಸ್ವಲ್ಪ, ಈಚೆ ಸ್ವಲ್ಪ ಅಲುಗಿಸಿದ್ದು. ಬಲ ಹಾಕಲಿಲ್ಲ. ಅದು ತಾನಾಗಿ ಪೂರ್ತಿ ಒಂದು ಸುತ್ತು ಬಂದಾಗ ಅವರ ಮುಖ ಅರಳಿತು, ನನ್ನದೂ.

ಇಂಜಿನ್ ತಿರುಗಿತೆಂದು ಅಲ್ಲಿಗೇ ನಿಲ್ಲಬಾರದು. ಇಳಿಜಾರಿನ ಊರಲ್ಲಿ ಹೊರಡದ ಜೀಪಿನಿಂದ ಅಪಾಯವಿಲ್ಲ, ನಿಲ್ಲದ ಜೀಪಿನಿಂದ ಇದೆ. ಡ್ರಮ್ಮು ಕಳಚಿದರೆ ಒಳಗೆ ಕುಂಕುಮದ ಹಾಗೆ ತುಕ್ಕಿನ ಹುಡಿ. ವೀಲ್ ಸಿಲಿಂಡರಿನ ರಬ್ಬರ್ ಹೊದಿಕೆ ಬೆರಳು ತಾಗಿದರೆ ತುಂಡಾಗುತ್ತಿತ್ತು, ಅದರ ಹಿಂದಿನ ಪಿಸ್ಟನ್ ಸುತ್ತಿಗೆಗೂ ಜಗ್ಗಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ನಮ್ಮ ಗಾಳಿಯಲ್ಲಿ ತೇವಕ್ಕೇನು ಬರವೇ? ಆ ನೀರು ತಗ್ಗಿನ ಜಾಗದಲ್ಲಿ ಸೇರಿ ಒಳಗಿನಿಂದಲೇ ತಿನ್ನುತ್ತದೆ, ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ನಾಲ್ಕೂ ಸಿಲಿಂಡರು, ಮಾಸ್ಟರ್, ಪೈಪು, ಹೋಸು ಎಲ್ಲ ಹೊಸತು ಹಾಕಿಸಿದೆವು. ಇದರಲ್ಲಿ ಉಳಿತಾಯ ನೋಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಹ್ಯಾಂಡ್‌ಬ್ರೇಕಿನದು ಬೇರೆಯೇ ಕಥೆ. ಈ ಜೀಪುಗಳಲ್ಲಿ ಅದರ ಡ್ರಮ್ಮು ಚಕ್ರದಲ್ಲಿಲ್ಲ, ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿದೆ. ಚಿಕ್ಕಪ್ಪ ಅಭ್ಯಾಸಬಲದಿಂದ ಎಳೆದಿಟ್ಟೇ ಇಳಿದಿದ್ದರು, ಲೈನರು ಡ್ರಮ್ಮಿಗೆ ಅಂಟಿಕೊಂಡಿತ್ತು. ಹಾಗಾಗಿ ಬಹಳ ಕಾಲ ನಿಲ್ಲಿಸುವ ಗಾಡಿಗೆ ಹ್ಯಾಂಡ್‌ಬ್ರೇಕ್ ಬೇಡ, ಚಕ್ರಕ್ಕೆ ಕಲ್ಲು ಕೊಡಿ.

ಡೀಸೆಲ್ ಟ್ಯಾಂಕನ್ನು ಇಳಿಸಿ ಸಣ್ಣ ಜಲ್ಲಿ ಹಾಕಿ ಕುಲುಕಿ ತೊಳೆದದ್ದು, ಇಲಿ ಕಡಿದ ವಯರಿಂಗ್ ಪೂರ್ತಿ ಬದಲಿಸಿದ್ದು, ಫ್ಲೋರಿಗೆ ತಗಡು ಬೆಸೆದದ್ದು ಎಲ್ಲ ಯಾರಾದರೂ ಮಾಡುವಂಥದ್ದೇ. ಕೊನೆಗೆ ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತ ಏರ್ ತೆಗೆಯುವಾಗ ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಆಮೇಲೆ ಶುದ್ಧ ಡೀಸೆಲ್. ಆಗ ಸೆಲ್ಫ್ ಹೊಡೆದೆವು. ಹೊಗೆ ತೋಟದ ತನಕ ಹೋಯಿತು. ಮನೆಯ ಒಳಗಿನಿಂದ ಚಿಕ್ಕಮ್ಮ ಕೈಯೊರೆಸುತ್ತ ಓಡಿ ಬಂದರು.

ಬಣ್ಣದ ಮಾತು ಆಮೇಲಿನದು. ಅಗಲದ ಟಯರು, ಮುಂದೆ ವಿಂಚು, ಸಾಲು ಲೈಟು ಹಾಕಿಸಿ ಎಂದು ಹುಡುಗರ ಒತ್ತಾಯವಿತ್ತು. ನಾನು ಒಪ್ಪಲಿಲ್ಲ. ಸಪೂರದ ಹದಿನಾರು ಇಂಚಿನ ಟಯರು ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಹಿಡಿಯುತ್ತದೆ, ಅಡಿಕೆ ತೋಟದ ಕಿರುದಾರಿಗೂ ಅದೇ ಸರಿ. ಗುಡ್ಡೆ ಹತ್ತಲು ಬೇಕಾದದ್ದು ಫೋರ್‌ವೀಲು ಮತ್ತು ಲೋ ಗೇರು, ಅವೆರಡೂ ಹುಟ್ಟಿನಿಂದಲೇ ಇವೆ.

ಕಾಗದಪತ್ರ ಮರೆಯಬಾರದು. ಖಾಸಗಿ ಗಾಡಿಯ ನೋಂದಣಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಇಂಜಿನ್ ಬದಲಿಸಿದ್ದರೆ ಆರ್‌ಸಿಯಲ್ಲಿ ಡೀಸೆಲ್ ಎಂದು ಬರೆದಿರಲೇಬೇಕು. ಚಿಕ್ಕಪ್ಪ ಅದನ್ನು ಆಗಲೇ ಮಾಡಿಸಿಟ್ಟಿದ್ದರು, ಇಲ್ಲದಿದ್ದರೆ ಪುತ್ತೂರಿನ ಆರ್‌ಟಿಒಗೆ ಎಷ್ಟು ಸಲ ಅಲೆಯಬೇಕಿತ್ತೋ. 50 ವರ್ಷ ದಾಟಿದ ವಾಹನಗಳಿಗೆ 2021ರಿಂದ ವಿಂಟೇಜ್ ಎಂಬ ಬೇರೆ ನೋಂದಣಿಯೂ ಇದೆ, ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಗೊಬ್ಬರ ಹೊರುವ ಜೀಪಿಗೆ ಆ ಗೌರವ ಬೇಡ.

ಈಗ ಆಲಂಕಾರಿನ ನೆಂಟರೊಬ್ಬರು ತಮ್ಮ ಹಟ್ಟಿಯಲ್ಲಿರುವುದನ್ನೂ ಬಂದು ನೋಡಬೇಕೆಂದು ಕೇಳಿದ್ದಾರೆ. ಮಳೆ ಬಿಟ್ಟ ಮೇಲೆ ಮೆಕ್ಯಾನಿಕ್‌ರನ್ನು ಕರೆದುಕೊಂಡೇ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಸೆಲ್ಫ್ ಹೊಡೆಯಬೇಡಿ ಎಂದು ಫೋನಿನಲ್ಲೇ ಹೇಳಿದ್ದೇನೆ.