ಮುಗೀತಾ?

ನಮ್ಮ ಮನೆಯ ಅಟ್ಟದಲ್ಲಿ, ಗೌರಿ ಬಾಗಿನದ ಮೊರಗಳ ಹಿಂದೆ, ನನ್ನ ಕೀರ್ತಿ ಮೂರು ರಟ್ಟಿನ ಡಬ್ಬಗಳಲ್ಲಿ ಭದ್ರವಾಗಿದೆ. 1994ರಲ್ಲಿ ನಾವು ನಾಲ್ವರು ಗೆಳೆಯರು ಸೇರಿ ತಂದ ಭಾವಗೀತೆಗಳ ಕ್ಯಾಸೆಟ್ ಅದು. ಮಾಡಿಸಿದ್ದು 500, ಮಾರಿದ್ದು 40. ಮದುವೆ, ಮುಂಜಿ, ಗೃಹಪ್ರವೇಶ ಎಂದು ಸಿಕ್ಕಸಿಕ್ಕಲ್ಲಿ ಉಡುಗೊರೆಯಾಗಿ ಕೊಟ್ಟೂ ಕೊಟ್ಟೂ, ಕೊನೆಗೆ ನೆಂಟರು ನಮ್ಮನ್ನು ಕರೆಯಲು ಬಂದಾಗ 'ಆಶೀರ್ವಾದವೇ ಉಡುಗೊರೆ' ಎಂಬುದನ್ನು ಒತ್ತಿ ಹೇಳತೊಡಗಿದರು.

ಹಾಡಿದವನು ನಾನು. ಆದರೆ ಒಬ್ಬನ ಭಾವಮೈದ ಪಿಟೀಲು ನುಡಿಸುತ್ತಿದ್ದ, ಇನ್ನೊಬ್ಬನ ಆಫೀಸಿನವರು ಕೊಳಲು, ನಮಗೆ ಸಾಲ ಕೊಟ್ಟವರ ಮಗ ಕೀಬೋರ್ಡು. ಯಾರನ್ನು ಬಿಡೋಣ? ಸ್ಟುಡಿಯೊದ ಬಾಡಿಗೆ ಗಂಟೆ ಲೆಕ್ಕದ್ದು. ಕೊಟ್ಟ ದುಡ್ಡು ಕೇಳಿಸಲಿ ಎಂದು ಎಲ್ಲರೂ ಎಲ್ಲ ಹಾಡಿಗೂ ನುಡಿಸಿದರು. ಅಮ್ಮ ಪೂರ್ತಿ ಕೇಳಿ ಹೇಳಿದ್ದಿಷ್ಟು: "ವಾಲಗದ ಮಧ್ಯೆ ಯಾರೋ ಯಾರನ್ನೋ ಕರೆದ ಹಾಗಿದೆಯಲ್ಲೋ."

ಬಿಡುಗಡೆಗೆ ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದರು. ಕ್ಯಾಸೆಟ್ಟುಗಳು ಅವರಿಗಿಂತ ತಡ. ಅತಿಥಿಗಳು ಬಣ್ಣದ ಕಾಗದ ಬಿಚ್ಚಿ ಎತ್ತಿ ತೋರಿಸಿದ್ದು ಖಾಲಿ ಡಬ್ಬಿ. ಮಾಲು ಇನ್ನೂ ಬಸ್ಸಿನಲ್ಲಿತ್ತು.

ಇದೆಲ್ಲ ಮತ್ತೆ ನೆನಪಾಗಿದ್ದು ಹೋದ ಚಳಿಗಾಲ, ಟೆಕ್ಸಸ್ಸಿನ ಪ್ಲೇನೊದಲ್ಲಿರುವ ಮಗಳ ಮನೆಯಲ್ಲಿ. ನನ್ನವಳು ಹೋಗಿದ್ದು ಬಾಣಂತನಕ್ಕೆ. ನಾನು ಹೋಗಿದ್ದು ಸೂಟ್‌ಕೇಸ್ ಹೊರಲಿಕ್ಕೆ. ಒಂದು ದಿನ ತರಕಾರಿಗೆ ಹೊರಟಾಗ ಅಳಿಯ ಕಾರಿನಲ್ಲಿ ಏನೋ ಹಾಕಿದ. ಒಂದು ಗಿಟಾರು, ಸ್ವಲ್ಪ ಮೂಗಿನಲ್ಲೇ ಹಾಡುವ ಒಂದು ದನಿ. ಆಮೇಲೆ ಎಲ್ಲೋ ದೂರದಲ್ಲಿ ಮೌತ್ ಆರ್ಗನ್.

"ಉಳಿದವರೆಲ್ಲ ಊಟಕ್ಕೆ ಹೋಗಿದ್ದಾರೇನಪ್ಪಾ?" ಎಂದೆ.

"ಕಂಪನಿಯವರಿಗೂ ಹಾಗೇ ಅನ್ನಿಸಿತ್ತಂತೆ, ಮಾವ," ಎಂದು ಅಳಿಯ ನಕ್ಕ.

ಅದು ವಿಲ್ಲಿ ನೆಲ್ಸನ್ನನ 'ರೆಡ್ ಹೆಡೆಡ್ ಸ್ಟ್ರೇಂಜರ್'. ಪ್ಲೇನೊಗೆ ಹತ್ತಿರದ ಗಾರ್ಲಂಡ್ ಎಂಬ ಊರಿನ 'ಆಟಮ್ ಸೌಂಡ್' ಸ್ಟುಡಿಯೊದಲ್ಲಿ 1975ರ ಜನವರಿಯಲ್ಲಿ ಧ್ವನಿಮುದ್ರಣವಾದ ಕಂಟ್ರಿ ಆಲ್ಬಂ. ಖರ್ಚು 4,000 ಡಾಲರ್ ಎಂದು ಪ್ರತೀತಿ. ಆ ಕಾಲಕ್ಕೆ ನ್ಯಾಶ್‌ವಿಲ್‌ನಲ್ಲಿ ಕಂಟ್ರಿ ಹಾಡೆಂದರೆ ಹಿಂದೆ ಪಿಟೀಲುಗಳ ಸಾಲು, ಮೇಲೊಂದು ಕೋರಸ್. ಥೇಟ್ ನಮ್ಮ ಕ್ಯಾಸೆಟ್ಟೇ. ನೆಲ್ಸನ್ ಅದನ್ನೆಲ್ಲ ಬಿಟ್ಟು, ಅಕ್ಕ ಬಾಬಿಯನ್ನು ಪಿಯಾನೊ ಮುಂದೆ ಕೂರಿಸಿ, ತನ್ನ ಪುಟ್ಟ ತಂಡದೊಡನೆ ಹಾಡಿ ಎದ್ದುಬಂದ. ಕೊಲಂಬಿಯಾ ಕಂಪನಿಯವರು ಟೇಪು ಕೇಳಿ, ಇದು ಬರೀ ಮಾದರಿ, ಅಸಲಿ ರೆಕಾರ್ಡಿಂಗ್ ಇನ್ನು ಮುಂದೆ ಎಂದುಕೊಂಡರಂತೆ. ಆದರೆ ಹಾಡುಗಳ ವಿಷಯದಲ್ಲಿ ಕೊನೆಯ ಮಾತು ನೆಲ್ಸನ್ನನದೇ ಎಂದು ಕರಾರಿನಲ್ಲಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಇದ್ದದ್ದು ಇದ್ದ ಹಾಗೇ ಬಿಡುಗಡೆಯಾಯಿತು. ಫ್ರೆಡ್ ರೋಸ್ ಎಂಬವರು 1940ರ ದಶಕದಲ್ಲಿ ಬರೆದಿಟ್ಟಿದ್ದ 'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್' ಅಕ್ಟೋಬರ್ ಹೊತ್ತಿಗೆ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದುವರೆಗೆ ಇನ್ನೊಬ್ಬರ ಗೆಲುವಿಗೆ ಹಾಡು ಬರೆದುಕೊಟ್ಟಿದ್ದ ನೆಲ್ಸನ್‌ಗೆ ಗಾಯಕನಾಗಿ ಮೊದಲ ನಂಬರ್ ಒನ್ ಸಿಕ್ಕಿದ್ದು ತನ್ನ 42ನೇ ವಯಸ್ಸಿನಲ್ಲಿ, ಅದೂ ಇನ್ನೊಬ್ಬರು ಬರೆದ ಹಾಡಿನಿಂದ.

ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದು, ಕುದುರೆಯೇರಿ ಅಲೆಯುವ ಪಾದ್ರಿಯ ಕಥೆ ಆಲ್ಬಂನದು. ಅದರ ಶೀರ್ಷಿಕೆ ಗೀತೆಯನ್ನು ನೆಲ್ಸನ್ ತನ್ನ ಮಕ್ಕಳಿಗೆ ಮಲಗುವಾಗ ಹಾಡುತ್ತಿದ್ದನಂತೆ. ಇವಳಿಗೆ ಹೇಳಿದೆ. ಮೊಮ್ಮಗುವನ್ನು ಎದೆಗೊತ್ತಿಕೊಂಡು, "ಈ ಮನೇಲಿ ಅದನ್ನ ಹಾಡಿದರೆ ನೋಡಿ ಮತ್ತೆ," ಎಂದಳು.

ಮಗಳು ಫೋನಿನಲ್ಲಿ ಅವನ ಗಿಟಾರಿನ ಚಿತ್ರ ತೋರಿಸಿದಳು. 'ಟ್ರಿಗರ್' ಎಂದು ಹೆಸರು. ಮೀಟಿ ಮೀಟಿ ಹಲಗೆಯೇ ಸವೆದು, ಇದ್ದ ತೂತಿನ ಪಕ್ಕದಲ್ಲಿ ಇನ್ನೊಂದು ತೂತು. ನಮ್ಮ ಕ್ಯಾಸೆಟ್ಟಿನಲ್ಲಿ ತೂತು ಬಿಡಿ, ಸೂಜಿ ತೂರುವಷ್ಟು ಜಾಗವೂ ಇರಲಿಲ್ಲ. ಎಲ್ಲಿ ಸುಮ್ಮನಾದರೆ ಜನ ನಮ್ಮ ನಿಜವಾದ ದನಿ ಕೇಳಿಬಿಡುತ್ತಾರೋ ಎಂಬ ಹೆದರಿಕೆಯಿಂದಲೇ ಅಷ್ಟು ವಾದ್ಯ ತುಂಬಿದ್ದೆವೇನೋ.

ಊರಿಗೆ ಬಂದವನೇ ಅಟ್ಟ ಹತ್ತಿ ಒಂದು ಕ್ಯಾಸೆಟ್ ಇಳಿಸಿದೆ. ಸಡಿಲವಾದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತಿ, ಹಳೆಯ ಟೂ-ಇನ್-ಒನ್‌ಗೆ ಹಾಕಿದೆ. ಅದೇ ವಾಲಗ. ಬಿ ಬದಿಯ ಕೊನೆಯ ಹಾಡು ಮುಗಿದು ಎಕೊ ಅಡಗಿತು. ನಿಲ್ಲಿಸಲು ಕೈ ಚಾಚಿದೆ. ಆಗ ಟೇಪಿನೊಳಗೆ ಕುರ್ಚಿಯೊಂದು ಕಿರ್ರೆಂದಿತು. ಎಡಿಟಿಂಗ್‌ನಲ್ಲಿ ಕತ್ತರಿಸಲು ಮರೆತ ತುಣುಕು. ಒಂದು ಎಳೆಯ ದನಿ ಕೇಳಿತು: "ಮುಗೀತಾ?"

"ಮುಗೀತು ಕಣೋ, ನಡಿ ಕಾಫಿಗೆ," ಎಂದಿತು ಇನ್ನೊಂದು ದನಿ. ನಮ್ಮ ತಬಲಾದವನದು. ಅವನು ಹೋಗಿ ಒಂಬತ್ತು ವರ್ಷವಾಯಿತು.

ಒಗ್ಗರಣೆ ಹಾಕುತ್ತಿದ್ದ ಇವಳು ಸೌಟು ಹಿಡಿದೇ ಬಾಗಿಲಿಗೆ ಬಂದಳು. "ರೀ, ಅದು ನಿಮ್ಮ ದನಿ ಅಲ್ವಾ? ಎಷ್ಟು ಸ್ಪಷ್ಟವಾಗಿದೆ! ಇನ್ನೊಂದ್ಸಲ ಹಾಕಿ."

ಪೆನ್ಸಿಲ್ ತೂರಿಸಿ ಹಿಂದಕ್ಕೆ ಸುತ್ತತೊಡಗಿದೆ.