ಮೀನಿನ ಹೋಟೆಲಿಗೆ ಅಪ್ಪನನ್ನೂ ಕರೆದುಕೊಂಡು ಹೋಗಿ



ಸಂಘದ ಕಾರ್ಯಕ್ರಮ ಮುಗಿದು ಚಪ್ಪಲಿ ಹುಡುಕುವ ಹೊತ್ತಿಗೆ ನಿಮ್ಮಲ್ಲಿ ಯಾರಾದರೊಬ್ಬರು ನನ್ನ ಬಳಿ ಬಂದು, 'ಆಂಟಿ, ಈ ಕಡೆ ಒಳ್ಳೆಯ ಮೀನು ಎಲ್ಲಿ ಸಿಗುತ್ತದೆ?' ಎಂದು ಕೇಳುತ್ತೀರಿ. ಕನ್ನಡದ ಬಗ್ಗೆ ಕೇಳದಿದ್ದರೂ ಮೀನಿನ ಬಗ್ಗೆಯಾದರೂ ಕೇಳಿದಿರಲ್ಲ ಎಂದು ನನಗೆ ಸಂತೋಷ! ಅವಸರದಲ್ಲಿ ಒಂದೆರಡು ಹೆಸರು ಹೇಳಿ ಕಳುಹಿಸುತ್ತಿದ್ದೆ. ಇಂದು ಸಾವಕಾಶವಾಗಿ ಹೇಳುತ್ತೇನೆ. ಜೊತೆಗೆ ಕೇಳದೇ ಇರುವ ಇನ್ನೊಂದು ಮಾತನ್ನೂ ಹೇಳುವವಳಿದ್ದೇನೆ.

ನಾವಿರುವುದು ಅಂಧೇರಿಯಲ್ಲಿ. ಇಲ್ಲಿಂದ ಬಾಂದ್ರಾದವರೆಗೆ ಐದೇ ಐದು ರೈಲು ನಿಲ್ದಾಣ. ಆದರೆ ಇಷ್ಟರಲ್ಲೇ ಮಾಲ್ವಣ, ಗೋವಾ, ತುಳುನಾಡು ಮೂರರ ಅಡುಗೆಮನೆಯೂ ಇದೆ ಎಂದರೆ ನಂಬುತ್ತೀರಾ?

ಬಾಂದ್ರಾ ಪೂರ್ವದ ಗಾಂಧಿನಗರದಲ್ಲಿ 'ಹೈವೇ ಗೋಮಾಂತಕ್' ಇದೆ. ಆಡಂಬರವಿಲ್ಲದ ಜಾಗ. ಬಾಗಿಲಲ್ಲಿ ಕಾಯಬೇಕಾದೀತು, ಬೇಸರಿಸಬೇಡಿ. ಥಾಲಿ ತರಿಸಿ. ಅದರ ಜೊತೆ ಬರುವ ನಸುಗೆಂಪಿನ ಸೋಲ್‌ಕಢಿಯನ್ನು ಒಂದು ಗುಟುಕು ಕುಡಿದು ನೋಡಿ. ಅದು ಬೇರೇನಲ್ಲ, ಬೇಸಿಗೆಯಲ್ಲಿ ಊರಿಗೆ ಹೋದಾಗ ಅಜ್ಜಿ ಶರಬತ್ತು ಮಾಡಿಕೊಡುತ್ತಿದ್ದ ಪುನರ್ಪುಳಿಯೇ! ಇಲ್ಲಿಯವರು ಅದಕ್ಕೆ ತೆಂಗಿನ ಹಾಲು ಸೇರಿಸುತ್ತಾರೆ, ಅಷ್ಟೇ. ಗೋವೆಯವರು ಬಂಗುಡೆ ಸಾರಿಗೆ ಹಾಕುವ ತಿರ್ಫಳ ಕೂಡ ನಮ್ಮ ಜುಮ್ಮಿನಕಾಯಿಯೇ.

ವಿಲೆಪಾರ್ಲೆ ಪೂರ್ವದ ಹನುಮಾನ್ ರಸ್ತೆಯಲ್ಲಿ 'ಗಜಾಲಿ'. ಮಾಲ್ವಣಿ ಭಾಷೆಯಲ್ಲಿ ಗಜಾಲಿ ಎಂದರೆ ಹರಟೆ. ಅಲ್ಲಿ ಬೊಂಬಿಲ್ ಫ್ರೈ ತಪ್ಪಿಸಬೇಡಿ. ಮೇಲೆ ಗರಿಗರಿ, ಒಳಗೆ ಬೆಣ್ಣೆ. ಬೊಂಬಿಲ್ ಈ ಮುಂಬಯಿ ಕಡಲಿನ ಮಗು. ನಾನು ಮದುವೆಯಾಗಿ 1993ರಲ್ಲಿ ಇಲ್ಲಿಗೆ ಬರುವ ತನಕ ಅದರ ರುಚಿ ಕಂಡವಳಲ್ಲ. ತಿಸರ್‍ಯಾ ಕಂಡರೆ ಹೆದರಬೇಡಿ, ಅದು ನಮ್ಮ ಮರುವಾಯಿ.

ಇನ್ನು ಜುಹುವಿನಲ್ಲಿ 'ಮಹೇಶ್ ಲಂಚ್ ಹೋಮ್'. ಇದರ ಮೂಲ ಕೋಟೆ ಪ್ರದೇಶದಲ್ಲಿ. ಇದು ನಮ್ಮ ತುಳುನಾಡಿನವರದು. ಎಲ್ಲರೂ ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸಿನ ಏಡಿ ತರಿಸುತ್ತಾರೆ. ರುಚಿಯೇನೋ ಹೌದು. ಆದರೆ ನಮ್ಮ ಅಜ್ಜಿಯ ಅಡುಗೆಮನೆಗೆ ಆ ಬೆಣ್ಣೆಯ ಏಡಿ ಕಾಲಿಟ್ಟದ್ದಿಲ್ಲ. ನೀವು ಮೀನಿನ ಗಸಿ ಮತ್ತು ನೀರುದೋಸೆ ಹೇಳಿ. ಆ ಕೆಂಪು ಬಣ್ಣ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನದು. ನೋಡಲು ಬೆಂಕಿ, ತಿಂದರೆ ಅಷ್ಟು ಖಾರವಿಲ್ಲ.

ಎರಡು ಕಿವಿಮಾತು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ಆ ದಿನಗಳಲ್ಲಿ ತಟ್ಟೆಗೆ ಬರುವುದರಲ್ಲಿ ಹಿಮದಲ್ಲಿಟ್ಟದ್ದೇ ಹೆಚ್ಚು. ನಾರಳಿ ಪೂರ್ಣಿಮೆಗೆ ಕೋಳಿಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಹೋಗಿ. ಎರಡನೆಯದು, ಮೀನಿನ ಹೆಸರು ಕಲಿಯಿರಿ. ಇಲ್ಲಿಯ ಸುರಮೈ ನಮ್ಮ ಅಂಜಲ್, ಬಾಂಗಡಾ ನಮ್ಮ ಬಂಗುಡೆ, ತಾರ್ಲಿ ನಮ್ಮ ಬೂತಾಯಿ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳೇ. ಆದರೂ 'ಲೇಡಿಫಿಶ್' ಎಂದಾಗ ನನ್ನ ಬಾಯಲ್ಲಿ ನೀರೂರುವುದಿಲ್ಲ, 'ಕಾಣೆ' ಎಂದಾಗ ಊರುತ್ತದೆ.

ಇನ್ನು ನೀವು ಕೇಳದ ಮಾತು.

ಮದುವೆಯಾಗಿ ಮೂವತ್ತು ವರ್ಷ ನನ್ನ ಯಜಮಾನರು ನಮ್ಮನ್ನು ಒಂದು ಮೀನಿನ ಹೋಟೆಲಿಗೂ ಕರೆದುಕೊಂಡು ಹೋಗಲಿಲ್ಲ. ಕೇಳಿದರೆ, 'ನಿನ್ನ ಕೈಯಡುಗೆಯ ಮುಂದೆ ಅದೇನು?' ಎನ್ನುತ್ತಿದ್ದರು. ಮೊದಮೊದಲು ಹೊಗಳಿಕೆಯೆಂದು ಉಬ್ಬಿದೆ, ಆಮೇಲೆ ಜಿಪುಣತನವೆಂದು ಸಿಡುಕಿದೆ. ಮೇಲೆ ಹೇಳಿದ ಹೋಟೆಲುಗಳನ್ನೆಲ್ಲ ನಾನು ಕಂಡದ್ದು ಮಹಿಳಾ ವಿಭಾಗದ ಗೆಳತಿಯರ ಜೊತೆಯಲ್ಲಿ!

ಎರಡು ವರ್ಷದ ಹಿಂದೆ ಮಗಳು ತನ್ನ ಮೊದಲ ಸಂಬಳದಲ್ಲಿ ಹಟ ಹಿಡಿದು ನಮ್ಮನ್ನು ಜುಹುವಿಗೆ ಕರೆದೊಯ್ದಳು. ಇವರು ಮಾತಿಲ್ಲದೆ ಉಂಡರು. ಊಟ ಮುಗಿಯುತ್ತಲೇ ನಮ್ಮ ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಮುಳ್ಳುಗಳನ್ನು ಅಂಗೈ ಅಂಚಿನಿಂದ ಬಳಿದು ಮೇಲಿನ ತಟ್ಟೆಗೆ ಹಾಕಿ, ಮೇಜನ್ನು ಒಂದೇ ಸೆಳೆತಕ್ಕೆ ಒರೆಸಿಬಿಟ್ಟರು. ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. 'ಪಪ್ಪಾ, ಏನಿದು? ಜನ ನೋಡುತ್ತಾರೆ!' ಎಂದು ಮಗಳು ಪಿಸುಗುಟ್ಟಿದಳು. ಇವರು ತಮ್ಮ ಕೈಯನ್ನೇ ನೋಡುತ್ತ ಕೂತರು.

ರಿಕ್ಷಾದಲ್ಲಿ ಬಾಯಿ ಬಿಟ್ಟರು. 1979ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಪಡುಬಿದ್ರಿ ಕಡೆಯಿಂದ ಬಸ್ಸಿನಲ್ಲಿ ಬಂದು ಕೋಟೆಯ ಒಂದು ಲಂಚ್ ಹೋಮಿನಲ್ಲಿ ಮೇಜು ಒರೆಸಿದ್ದು. ಸಂಜೆ ಕನ್ನಡ ರಾತ್ರಿ ಶಾಲೆ. ಓದಿ ಬಂದ ಮೇಲೆ ಹಗಲು ಒರೆಸಿದ ಮೇಜಿನ ಮೇಲೆಯೇ ನಿದ್ರೆ. ಗಿರಾಕಿಗಳು ಬಿಟ್ಟ ಅಂಜಲ್ ತುಂಡನ್ನು ಒಮ್ಮೆ ಬಾಯಿಗೆ ಹಾಕಿಕೊಂಡದ್ದಕ್ಕೆ ಬಿದ್ದ ಪೆಟ್ಟು. ಐದು ವರ್ಷ ಹಾಗೆ ಕಳೆದು ಬ್ಯಾಂಕಿನಲ್ಲಿ ಗುಮಾಸ್ತರಾದರು. ಇಷ್ಟನ್ನು ನನಗೂ ಹೇಳಿರಲಿಲ್ಲ. 'ರಾತ್ರಿ ಶಾಲೆಯಲ್ಲಿ ಓದಿದೆ' ಎಂದಷ್ಟೇ ಗೊತ್ತಿತ್ತು. ಜಿಪುಣ ಎಂದು ಎಷ್ಟು ಸಲ ಅಂದಿದ್ದೆನೋ! ಮಗಳು ಅಪ್ಪನ ಕೈಯನ್ನು ಮನೆ ಬರುವ ತನಕ ಬಿಡಲಿಲ್ಲ.

ಮಕ್ಕಳೇ, ಇದು ನಮ್ಮ ಮನೆಯದೊಂದೇ ಕಥೆಯಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಈ ನಗರದಲ್ಲಿ ರಾತ್ರಿ ಶಾಲೆ ನಡೆಸಿದ್ದು ಇಂಥ ಹುಡುಗರಿಗಾಗಿಯೇ. ನಿಮ್ಮಲ್ಲಿ ಎಷ್ಟು ಜನರ ಅಪ್ಪ, ಅಜ್ಜ ಹಾಗೆ ಓದಿದವರೋ, ಕೇಳಿ ನೋಡಿದ್ದೀರಾ? ಅವರಾಗಿ ಹೇಳಲಾರರು. ಮನೆಯಲ್ಲಿ ಕೂತು ಕೇಳಿದರೂ ಹೇಳಲಾರರು. ಒಂದು ತಟ್ಟೆ ಮೀನು ಎದುರಿಗಿಟ್ಟು ಕೇಳಿ.

ಈಗ ಇವರೇ ತಿಂಗಳಿಗೊಮ್ಮೆ ಹೊರಡಿಸುತ್ತಾರೆ. ಕಳೆದ ತಿಂಗಳು ಇಲ್ಲೇ ಹತ್ತಿರದ ಒಂದು ಹೋಟೆಲಿನಲ್ಲಿ ಮೇಜು ಒರೆಸಲು ಬಂದ ಹುಡುಗನನ್ನು ಕಂಡು, ಅಭ್ಯಾಸಬಲದಿಂದ ತುಳುವಿನಲ್ಲಿ ಊರು ಕೇಳಿದರು. ಅವನು ಪಿಳಿಪಿಳಿ ನೋಡಿದ. ಹಿಂದಿಯಲ್ಲಿ ಕೇಳಿದಾಗ 'ಝಾರ್ಖಂಡ್' ಎಂದ. ಇಪ್ಪತ್ತರ ಆಸುಪಾಸಿನ ಹುಡುಗ. 'ಓದುತ್ತೀಯಾ?' ಎಂದು ಇವರು ಕೇಳಿದರು. 'ಸಮಯ ಎಲ್ಲಿದೆ ಸಾಹೇಬ್?' ಎಂದು ನಕ್ಕು ತಟ್ಟೆ ಎತ್ತಿಕೊಂಡು ಹೋದ. ದಾರಿಯುದ್ದಕ್ಕೂ ಇವರದು ಒಂದೇ ಮಾತು: 'ನಮಗೆ ರಾತ್ರಿ ಶಾಲೆಯಾದರೂ ಇತ್ತು.'

ಹೋಗಿ ಮಕ್ಕಳೇ, ಚೆನ್ನಾಗಿ ತಿನ್ನಿ. ಬೊಂಬಿಲ್ ಬಿಸಿಯಿರುವಾಗಲೇ ತಿನ್ನಿ. ಅಪ್ಪನನ್ನೂ ಕರೆದುಕೊಂಡು ಹೋಗಿ. ಏಳುವ ಮೊದಲು ಮೇಜು ಒರೆಸುವ ಹುಡುಗನ ಹೆಸರು, ಊರು ಕೇಳಿ. ಅವನ ಕೈಯನ್ನೂ ಒಮ್ಮೆ ನೋಡಿ.